ಹೊನ್ನಾವರದ ಅಳಿವೆ ನಡಿಗೆ: ಬೆಂಗಳೂರಿನ ವಾರಾಂತ್ಯಕ್ಕೆ ಹೊಂದುತ್ತದೆಯೇ?

ಹೊಂದುತ್ತದೆ. ಲಾಲ್‌ಬಾಗ್‌ನಲ್ಲಿ ಬೆಳಿಗ್ಗೆ ಎರಡು ಸುತ್ತು ಹಾಕುವವರಿಗೆ ಇಲ್ಲಿನ ಯಾವ ದಾರಿಯೂ ಕಷ್ಟವಾಗುವುದಿಲ್ಲ. ದೂರ ಕಡಿಮೆ, ಏರೂ ಕಡಿಮೆ. ಅಪ್ಸರಕೊಂಡ ಜಲಪಾತದ ಮೆಟ್ಟಿಲು ಬಿಟ್ಟರೆ ಮಂಡಿಗೆ ಭಾರ ಬೀಳುವ ಜಾಗ ಕಡಿಮೆ. ಆದರೆ ಶರಾವತಿ ಕಡಲು ಸೇರುವ ಅಳಿವೆಯ ಈ ಊರಲ್ಲಿ ಏನು ಕಾಣುತ್ತದೆ ಎನ್ನುವುದನ್ನು ತೀರ್ಮಾನಿಸುವುದು ನೀರಿನ ಮಟ್ಟ. ಭರತದ ಹೊತ್ತಿಗೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಹೋದರೆ ಹಸಿರು ಪೊದೆ, ಕೆಳಗೆ ಕಂದು ನೀರು, ಅಷ್ಟೇ. ಇಳಿತಕ್ಕೆ ಹೋದರೆ ಅದೇ ಜಾಗ ಬೇರೆಯದೇ ಲೋಕ.

ಆದ್ದರಿಂದ ರೈಲು ಬುಕ್ ಮಾಡುವ ಮೊದಲು ಕಾರವಾರ ಬಂದರಿನ ಭರತ-ಇಳಿತದ ಪಟ್ಟಿ ತೆಗೆದು ನೋಡಿ. ಫೋನಿನಲ್ಲೇ ಸಿಗುತ್ತದೆ, ಹೊನ್ನಾವರಕ್ಕೂ ಅದು ಸಾಕು. ದಿನಕ್ಕೆ ಎರಡು ಭರತ, ಎರಡು ಇಳಿತ. ಮಾರನೆಯ ದಿನ ಅದೇ ಇಳಿತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ನಮ್ಮ ಕರಾವಳಿಯಲ್ಲಿ ದಿನದ ಎರಡು ಇಳಿತಗಳು ಒಂದೇ ಮಟ್ಟದವಲ್ಲ: ಒಂದು ಚೆನ್ನಾಗಿ ಇಳಿದರೆ ಇನ್ನೊಂದು ಅರೆಬರೆ. ಹಾಗಾಗಿ ಗಂಟೆ ಮಾತ್ರ ನೋಡಿದರೆ ಸಾಲದು, ಪಕ್ಕದಲ್ಲಿರುವ ಎತ್ತರದ ಅಂಕಿಯನ್ನೂ ನೋಡಬೇಕು. ಅರ್ಧ ಮೀಟರಿನ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಎಂದಿದ್ದರೆ ಕೆಸರು ತೆರೆದುಕೊಳ್ಳುತ್ತದೆ. ಒಂದು ಮೀಟರ್ ಎಂದಿದ್ದರೆ ಬೇರುಗಳ ಬುಡ ನೀರಿನಲ್ಲೇ ಉಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನ ಇಳಿತ ಜೋರು, ಅಷ್ಟಮಿಯ ಆಚೀಚೆ ಮಂದ. ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ ವಾರಾಂತ್ಯ ಆರಿಸಿಕೊಳ್ಳುವುದು ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಅಳಿವೆಯ ಒಳಗೆ ನೀರು ಇಳಿಯುವುದು ಕಡಲಂಚಿಗಿಂತ ತಡ, ಪಟ್ಟಿಯ ಸಮಯಕ್ಕೆ ಅರ್ಧ ಗಂಟೆ ಸೇರಿಸಿಕೊಳ್ಳಿ.

ಅಂಕ ಕೊಡುವುದಾದರೆ ಮೊದಲ ಸ್ಥಾನ ಕಾಸರಕೋಡಿನ ಶರಾವತಿ ಕಾಂಡ್ಲಾ ನಡಿಗೆ ಹಾದಿಗೆ. ಅರಣ್ಯ ಇಲಾಖೆ ಮಾಡಿಸಿದ ಹಲಗೆ ದಾರಿ ಇದು, ನದಿಯ ದಕ್ಷಿಣ ದಡದಲ್ಲಿ, ಹೆದ್ದಾರಿ 66ರಿಂದ ಹತ್ತಿರ. ಉದ್ದ ಹೆಚ್ಚಿಲ್ಲ. ಬಿರಬಿರನೆ ನಡೆದರೆ ಹತ್ತು ಹದಿನೈದು ನಿಮಿಷದಲ್ಲಿ ಮುಗಿದುಹೋಗುತ್ತದೆ, ಹಾಗೆ ಮುಗಿಸಬಾರದು. ಇಳಿತಕ್ಕೆ ಒಂದು ಗಂಟೆ ಮೊದಲು ಒಳಗೆ ಹೋಗಿ, ಒಂದು ಕಡೆ ನಿಂತು ಐದು ನಿಮಿಷ ಅಲುಗಾಡದೆ ಕೆಳಗೆ ನೋಡಿ. ಹಲಗೆಯ ಸದ್ದಿಗೆ ಬಿಲ ಸೇರಿದ ಏಡಿಗಳು ಒಂದೊಂದಾಗಿ ಹೊರಬರುತ್ತವೆ. ಫಿಡ್ಲರ್ ಏಡಿಯ ಗಂಡಿಗೆ ಒಂದೇ ಕೊಂಬು (ಇಕ್ಕಳದಂಥ ಮುಂಗಾಲು) ದೊಡ್ಡದು, ಅದನ್ನೆತ್ತಿ ಬೀಸುವುದು ಹೆಣ್ಣನ್ನು ಕರೆಯಲು, ಇನ್ನೊಂದು ಗಂಡನ್ನು ಹೆದರಿಸಲು. ಕೆಸರಿನ ಮೇಲೆ ಎದೆಯ ರೆಕ್ಕೆ ಊರಿ ಕುಪ್ಪಳಿಸುವ ಮಡ್‌ಸ್ಕಿಪ್ಪರ್ ಮೀನು ಮಕ್ಕಳಿಗೆ ತುಂಬ ಹಿಡಿಸುತ್ತದೆ.

ಮರಗಳನ್ನು ಬೇರಿನಿಂದಲೇ ಗುರುತಿಸಬಹುದು. ಕಾಂಡದಿಂದ ಕಮಾನಿನಂತೆ ಬಾಗಿ ಕೆಸರಿಗಿಳಿದ ಊರುಬೇರುಗಳಿದ್ದರೆ ಅದು ರೈಜೊಫೊರ. ನುಗ್ಗೆಕಾಯಿಯ ಹಾಗೆ ಅದರಲ್ಲಿ ಜೋತುಬಿದ್ದಿರುವುದು ಕಾಯಲ್ಲ, ತಾಯಿಮರದ ಮೇಲೇ ಮೊಳೆತ ಸಸಿ. ಉದುರಿ ಕೆಸರಿಗೆ ನೆಟ್ಟರೆ ಅಲ್ಲೇ ಬೇರುಬಿಡುತ್ತದೆ, ನೀರಿಗೆ ಬಿದ್ದರೆ ತೇಲುತ್ತ ಹೋಗಿ ಇನ್ನೆಲ್ಲೋ ನಿಲ್ಲುತ್ತದೆ. ನೆಲದಿಂದ ಪೆನ್ಸಿಲ್ ಗಾತ್ರದ ಕಡ್ಡಿಗಳು ಸಾಲಾಗಿ ಎದ್ದಿದ್ದರೆ ಅವು ಅವಿಸೀನಿಯದ ಉಸಿರುಬೇರುಗಳು. ಕೆಸರಿನಲ್ಲಿ ಆಮ್ಲಜನಕ ಇಲ್ಲದ್ದರಿಂದ ಬೇರು ಮೇಲೆ ಬಂದು ಗಾಳಿ ತೆಗೆದುಕೊಳ್ಳುತ್ತದೆ. ಮುಳ್ಳಂಚಿನ ಎಲೆ, ನೇರಳೆ ಹೂವಿನ ಗಿಡ ಹೊಳೆಚುಳ್ಳಿ. ಎಲೆ ಕಿತ್ತು ನೋಡುವ ಅಭ್ಯಾಸವಿದ್ದರೆ ಇಲ್ಲಿ ಬೇಡ: ಅಳಿವೆಗಳಲ್ಲಿ ಬೆಳೆಯುವ ಎಕ್ಸೊಕೇರಿಯ ಮರದ ಹಾಲು ಕಣ್ಣಿಗೆ ತಾಗಿದರೆ ವಿಪರೀತ ಉರಿ, ತಕ್ಷಣ ಸಿಹಿನೀರಿನಲ್ಲಿ ತೊಳೆಯಬೇಕು.

ಚಿಪ್ಪು, ಬಳಚು (ಎರಡು ಚಿಪ್ಪಿನ ಜೀವಿ) ನೋಡುವ ಆಸೆಯಿಂದ ಬಂದವರಿಗೆ ಮಾತ್ರ ಇಲ್ಲಿ ನಿರಾಸೆ. ಇದಕ್ಕೆ ಕಾರಣ ನದಿಯ ಮೇಲ್ಗಡೆ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹರಿದು ಬರುತ್ತದೆ, ಅಳಿವೆಯ ಉಪ್ಪು ತಗ್ಗಿಹೋಗಿದೆ. ಉಪ್ಪು ಬೇಕಾದ ಚಿಪ್ಪುಜೀವಿಗಳು ಇಲ್ಲಿ ಸೊರಗಿವೆ. ಪಕ್ಕದ ಕುಮಟಾ ತಾಲ್ಲೂಕಿನ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಇಳಿತದ ಹೊತ್ತಿಗೆ ಊರವರು ನೀರಿಗಿಳಿದು ಬಳಚು ಆರಿಸುವುದನ್ನು ಇಂದಿಗೂ ನೋಡಬಹುದು. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಮೂರನೆಯ ದಿನ ಕೈಯಲ್ಲಿದ್ದರೆ ಅದನ್ನು ಅಘನಾಶಿನಿಗೇ ಕೊಡಿ, ಎರಡು ನದಿಗಳ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಹಲಗೆ ದಾರಿಯ ದೋಷಗಳನ್ನೂ ಹೇಳಬೇಕು. ಮಳೆಗಾಲದಲ್ಲಿ ಮತ್ತು ಅದರ ನಂತರ ಕೆಲವು ವಾರ ಮರದ ಮೇಲೆ ಪಾಚಿ ಕಟ್ಟಿ ಜಾರುತ್ತದೆ. ಸವೆದ ಚಪ್ಪಲಿ ಹಾಕಿಕೊಂಡು ಬರಬೇಡಿ, ಗಟ್ಟಿ ಹಲ್ಲಿರುವ ರಬ್ಬರ್ ಅಟ್ಟೆಯ ಶೂ ಬೇಕು. ಊರುಗೋಲು ಹಿಡಿಯುವ ಹಿರಿಯರಿದ್ದರೆ ಅದರ ತುದಿಗೆ ಅಗಲದ ರಬ್ಬರ್ ಬಿರಡೆ ಹಾಕಿಸಿ, ಸಣ್ಣ ತುದಿ ಹಲಗೆ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಉಪ್ಪುಗಾಳಿಗೆ ಮರವೂ ಮೊಳೆಯೂ ಬೇಗ ಹಾಳಾಗುವುದರಿಂದ ದುರಸ್ತಿಗೆ ಮುಚ್ಚಿರುವ ಸಾಧ್ಯತೆ ಇರುತ್ತದೆ, ಹೊರಡುವ ಮುನ್ನ ಹೊನ್ನಾವರದ ಅರಣ್ಯ ಕಚೇರಿಗೆ ಒಂದು ಕರೆ ಮಾಡಿ. ಭಾನುವಾರ ನಡುಹಗಲು ಸೆಲ್ಫಿ ಗುಂಪು, ದೋಣಿ ಎಂಜಿನ್ ಸದ್ದು ಎರಡೂ ಸೇರಿ ಹಕ್ಕಿಗಳು ದೂರ ಸರಿದಿರುತ್ತವೆ. ದೋಣಿ ವಿಹಾರ ಬೇಕೆಂದರೆ ಅದಕ್ಕೆ ಭರತದ ಹೊತ್ತೇ ಸರಿ, ಕಾಂಡ್ಲಾ ಕಾಲುವೆಗಳೊಳಗೆ ದೋಣಿ ನುಗ್ಗುವಷ್ಟು ನೀರಿರುತ್ತದೆ. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ.

ಕಾಸರಕೋಡಿನ ಇಕೋ ಬೀಚ್ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ) ಪಡೆದದ್ದು. ಶೌಚಾಲಯ, ಸ್ನಾನದ ವ್ಯವಸ್ಥೆ, ಗಾಳಿಮರದ ನೆರಳು, ಜೀವರಕ್ಷಕರು ಇರುವುದರಿಂದ ಪುಟ್ಟ ಮಕ್ಕಳ ಜೊತೆ ಬಂದವರಿಗೆ ಇದು ಸುಲಭ. ನಡಿಗೆಗೂ ಇಳಿತವೇ ಬೇಕು: ನೀರು ಸರಿದ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಭರತದಲ್ಲಿ ಮೇಲಿನ ಸಡಿಲ ಮರಳಿನಲ್ಲಿ ಕಾಲೆಳೆದು ಮೀನಖಂಡ ನೋಯುತ್ತದೆ. ಎರಡಕ್ಕೂ ಒಂದೇ ಇಳಿತ ಸಾಲದ್ದರಿಂದ ಶನಿವಾರ ಕಾಂಡ್ಲಾ, ಭಾನುವಾರ ಬೀಚ್ ಎಂದು ಹಂಚಿಕೊಳ್ಳಿ. ಉತ್ತರದ ಟೊಂಕದ ಕಡೆ ಮೀನುಗಾರರ ಮನೆ, ಒಣಮೀನಿನ ಅಂಗಳ ಇವೆ. ಅದು ಅವರ ಕೆಲಸದ ಜಾಗ, ಕೇಳಿಕೊಂಡು ಹಾದುಹೋಗಿ, ಹರಡಿದ ಬಲೆ ತುಳಿಯಬೇಡಿ. ಚಳಿಗಾಲದಲ್ಲಿ ಇಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುತ್ತವೆ, ರಾತ್ರಿ ಟಾರ್ಚ್ ಬೆಳಗಿಸಿಕೊಂಡು ಓಡಾಡುವುದು ಬೇಡ. ಗುರುತು ಹಾಕಿದ ಜಾಗದ ಹೊರಗೆ, ಅದರಲ್ಲೂ ಅಳಿವೆ ಬಾಯಿಯ ಹತ್ತಿರ, ನೀರಿಗಿಳಿಯಲೇಬಾರದು. ಇಳಿತದಲ್ಲಿ ಹೊರಕ್ಕೆ ಹೋಗುವ ನೀರಿನ ಸೆಳೆತ ಈಜು ಬಲ್ಲವರನ್ನೂ ಬಿಡುವುದಿಲ್ಲ.

ಕಾಡು ಬೇಕೆಂದರೆ ನೀಲ್ಕೋಡಿನ ಕರಿಕಾನಮ್ಮನ ಗುಡ್ಡ. ದೇವಿಯ ಹೆಸರಲ್ಲಿ ಉಳಿದ ಕಾನು (ದಟ್ಟ ಕಾಡು) ಇದು, ಡಿಪ್ಟೆರೊಕಾರ್ಪಸ್ ಇಂಡಿಕಸ್‌ನಂಥ ಅಪರೂಪದ ನಿತ್ಯಹರಿದ್ವರ್ಣ ಮರಗಳು ಇಲ್ಲಿವೆ. ಮೇಲಿನವರೆಗೆ ವಾಹನ ಹೋಗುತ್ತದೆ. ವಾಹನದಲ್ಲಿ ಹತ್ತಿ, ಇಳಿಯುವಾಗ ನೆರಳಿನ ರಸ್ತೆಯಲ್ಲಿ ನಡೆದು ಬನ್ನಿ. ಜೂನ್‌ನಿಂದ ಅಕ್ಟೋಬರ್ ತನಕ ಉಂಬಳದ (ಜಿಗಣೆಯ) ಕಾಟವಿದೆ, ಪ್ಯಾಂಟಿನ ತುದಿ ಕಾಲುಚೀಲದೊಳಗೆ ತೂರಿಸಿ, ಸ್ವಲ್ಪ ಉಪ್ಪು ಕಟ್ಟಿಕೊಂಡು ಹೋಗಿ.

ಅಪ್ಸರಕೊಂಡ ಊರಿನಿಂದ ಸುಮಾರು 8 ಕಿ.ಮೀ. ಜಲಪಾತ ಚಿಕ್ಕದು, ಬೇಸಿಗೆ ಹತ್ತಿರವಾದಂತೆ ಸೊರಗುತ್ತದೆ. ಮೆಟ್ಟಿಲಿನ ಕೆಂಪುಕಲ್ಲು ಒದ್ದೆಯಿದ್ದರೆ ಜಾರುತ್ತದೆ. ಮೇಲಿನ ಉದ್ಯಾನದಿಂದ ಕಡಲ ನೋಟಕ್ಕಾಗಿಯೇ ಹೋಗಬಹುದು.

ಹೋಗುವುದು ಹೇಗೆ? ಪಂಚಗಂಗಾ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ಸಂಜೆ ಹೊರಟು ಬೆಳಿಗ್ಗೆ ಹೊನ್ನಾವರ ಮುಟ್ಟಿಸುತ್ತದೆ. ನಿಲ್ದಾಣಕ್ಕೆ ಮುಂಚೆ ಶರಾವತಿಯ ಮೇಲೆ ಎರಡು ಕಿ.ಮೀ.ಗೂ ಉದ್ದದ ಸೇತುವೆ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು, ಎಚ್ಚರವಾಗಿರಿ. ಸಾಗರ-ಗೇರುಸೊಪ್ಪೆ ಘಟ್ಟದ ಬಸ್ಸೂ ಇದೆ, ತಿರುವಿಗೆ ಹೊಟ್ಟೆ ತೊಳಸುವವರು ರೈಲನ್ನೇ ಹಿಡಿಯಲಿ. ಮಳೆಗಾಲದಲ್ಲಿ ಸಕಲೇಶಪುರ ಘಟ್ಟದಲ್ಲಿ ಗುಡ್ಡ ಕುಸಿದರೆ ರೈಲು ರದ್ದಾಗುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಆಗ ತಾಜಾ ಮೀನೂಟವೂ ಕಡಿಮೆ. ನವೆಂಬರಿನಿಂದ ಫೆಬ್ರವರಿ ಎಲ್ಲಕ್ಕಿಂತ ಒಳ್ಳೆಯ ಕಾಲ. ವಾಪಸಿನ ರೈಲೂ ಸಂಜೆಯದೇ. ಅಪ್ಸರಕೊಂಡದ ಸೂರ್ಯಾಸ್ತವನ್ನು ಶನಿವಾರವೇ ನೋಡಿ ಮುಗಿಸಿ. ಭಾನುವಾರಕ್ಕೆ ಇಟ್ಟುಕೊಂಡರೆ ಸೂರ್ಯಾಸ್ತ, ರೈಲು ಎರಡರಲ್ಲಿ ಒಂದು ತಪ್ಪುವ ಸಂಭವ ಹೆಚ್ಚು.