ರೇಡಿಯೇಟರ್ ಪ್ರೆಶರ್ ಟೆಸ್ಟರ್ ಕಿಟ್: ಪಂಪು ಒಳ್ಳೆಯದು, ವಾಷರ್ ನಂಬಬೇಡಿ

ಬಾಟಲಿಯಲ್ಲಿ ಕೂಲಂಟ್ (ಎಂಜಿನ್ ತಣಿಸುವ ದ್ರವ) ತಿಂಗಳಿಗೆ ಅರ್ಧ ಲೀಟರ್ ಇಳಿಯುತ್ತದೆ, ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ಇಂಥ ಕಾರಿಗೆ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ: "ಟಾಪ್ ಅಪ್ ಮಾಡ್ಕೊಂಡು ಓಡಿಸಿ ಸಾರ್", ಇಲ್ಲವೇ "ಹೆಡ್ ಇಳಿಸಿ ನೋಡ್ಬೇಕು". ಈ ಎರಡು ಮಾತಿನ ನಡುವೆ ಮಾಡಬೇಕಾದ ಕೆಲಸ ಬೇಕಾದಷ್ಟಿದೆ, ಅದಕ್ಕಾಗಿಯೇ ಈ ಕಿಟ್: ಕೂಲಂಟ್ ಓಡುವ ದಾರಿಗೆ ಪಂಪಿನಿಂದ ಗಾಳಿಯ ಒತ್ತಡ ಕೊಡುವುದು, ಗೇಜಿನ ಮುಳ್ಳು ಇಳಿದರೆ ಸೋರಿಕೆ ಹುಡುಕುವುದು. ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಗೇಜ್ ಇರುವ ಕೈಪಂಪು, ಬಣ್ಣಬಣ್ಣದ ಅಲ್ಯುಮಿನಿಯಂ ಅಡಾಪ್ಟರ್‌ಗಳು, ಒಂದು ಥರ್ಮಾಮೀಟರ್, ಜೊತೆಗೆ ವ್ಯಾಕ್ಯೂಮ್‌ನಿಂದ ಕೂಲಂಟ್ ತುಂಬುವ ಸಾಧನ, ಒಟ್ಟು 28 ತುಣುಕು. ಆನ್‌ಲೈನ್‌ನಲ್ಲಿ ಹತ್ತಾರು ಹೆಸರಲ್ಲಿ ಸಿಗುತ್ತದೆ. ಹೆಸರಿಗೆ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಕೊಳ್ಳುವ ಮೊದಲು ನಿಮ್ಮ ಕಾರಿನ ಪ್ರೆಶರ್ ಕ್ಯಾಪ್ ಎಲ್ಲಿದೆ ನೋಡಿ. ಹಳೆಯ ಸ್ವಿಫ್ಟ್‌ನಂಥ ಕಾರುಗಳಲ್ಲಿ ಅದು ರೇಡಿಯೇಟರ್ ಮೇಲಿರುತ್ತದೆ. ಪಕ್ಕದ ಬಾಟಲಿಯಲ್ಲಿ ಒತ್ತಡವೇ ಇರುವುದಿಲ್ಲ, ಅದಕ್ಕೆ ಪಂಪು ಹಾಕಿ ಪ್ರಯೋಜನವಿಲ್ಲ. ಫೋಕ್ಸ್‌ವ್ಯಾಗನ್ ಪೋಲೋದಲ್ಲಾದರೆ ದುಂಡನೆಯ ಬಾಟಲಿಯೇ ಒತ್ತಡದಲ್ಲಿರುತ್ತದೆ, ಅದರ ನೀಲಿ ಕ್ಯಾಪ್ ತಿರುಪಿನದು. ಇವೆರಡಕ್ಕೂ ಅಡಾಪ್ಟರ್ ಬೇರೆ ಬೇರೆ. ಪೆಟ್ಟಿಗೆ ತುಂಬ ಅಡಾಪ್ಟರ್ ಇದ್ದೂ ನಿಮ್ಮದೊಂದು ಇಲ್ಲದಿದ್ದರೆ ಅದು ಬರೀ ಶೋಕೇಸ್ ಸಾಮಾನು.

ಕಿಟ್‌ನ ದೊಡ್ಡ ದೋಷ ಅಡಾಪ್ಟರ್‌ನ ರಬ್ಬರ್ ವಾಷರ್. ಒಣಗಿದ ವಾಷರ್ ತಾನೇ ಗಾಳಿ ಬಿಟ್ಟು ಎಂಜಿನ್ ಮೇಲೆ ಗೂಬೆ ಕೂರಿಸುತ್ತದೆ. ಹಾಕುವ ಮೊದಲು ವಾಷರ್‌ಗೆ ಸ್ವಲ್ಪ ಕೂಲಂಟ್ ಸವರಿ. ಗ್ರೀಸ್, ವ್ಯಾಸಲಿನ್ ಬೇಡ, ಈ ಬಗೆಯ ರಬ್ಬರ್ ಅವುಗಳಿಂದ ಉಬ್ಬುತ್ತದೆ. ಒತ್ತಡ ಏರಿಸಿದ ಮೇಲೆ ಟೆಸ್ಟರ್‌ನ ಎಲ್ಲ ಜಾಯಿಂಟುಗಳಿಗೂ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ಸೋರುತ್ತಿರುವುದು ಕಾರಲ್ಲ, ಟೆಸ್ಟರು.

ಪರೀಕ್ಷೆ ಶುರುಮಾಡುವುದು ಎಂಜಿನ್ ಪೂರ್ತಿ ತಣ್ಣಗಿರುವಾಗ. ಬಿಸಿಯಲ್ಲಿ ಕ್ಯಾಪ್ ತೆಗೆದರೆ ಒತ್ತಡ ಇಳಿದ ಕ್ಷಣವೇ ಕೂಲಂಟ್ ಕುದಿದು ಮುಖಕ್ಕೆ ಚಿಮ್ಮುತ್ತದೆ. ರೇಡಿಯೇಟರ್‌ಗೆ ಕ್ಯಾಪ್ ಇರುವ ಕಾರಿನಲ್ಲಿ ಬಾಯಿಮಟ್ಟ ತುಂಬಿಸಿ. ಒಳಗೆ ಗಾಳಿ ಕಡಿಮೆಯಾದಷ್ಟೂ ಸಣ್ಣ ಸೋರಿಕೆ ಬೇಗ ಗೇಜಿನಲ್ಲಿ ಕಾಣುತ್ತದೆ. ಬಾಟಲಿಯ ಮಾದರಿಯಲ್ಲಿ ಮೇಲ್ಭಾಗದಲ್ಲಿ ಗಾಳಿ ಉಳಿದೇ ಉಳಿಯುವುದರಿಂದ ಹೆಚ್ಚು ಹೊತ್ತು ಕಾಯಬೇಕು. ಒತ್ತಡ ಎಷ್ಟಿರಬೇಕೆಂಬುದು ಕ್ಯಾಪ್ ಮೇಲೇ ಬರೆದಿರುತ್ತದೆ: ಜಪಾನಿ ಮೂಲದ ಕಾರುಗಳಲ್ಲಿ ಸಾಮಾನ್ಯವಾಗಿ 0.9 ಅಥವಾ 1.1 ಬಾರ್, ಯುರೋಪಿನವುಗಳಲ್ಲಿ 1.4ರ ಆಸುಪಾಸು. ಅದಕ್ಕಿಂತ ಮೇಲೆ ಏರಿಸಿದರೆ ಹಳೆಯ ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಅಂಚಿನಲ್ಲಿ ಬಿಟ್ಟುಕೊಳ್ಳಬಹುದು. ಮೊದಲ ಎರಡು ನಿಮಿಷ ಹೋಸ್ ಪೈಪುಗಳು ಹಿಗ್ಗುವುದರಿಂದ ಮುಳ್ಳು ಕೊಂಚ ಇಳಿಯುತ್ತದೆ. ಇನ್ನೊಮ್ಮೆ ಪಂಪು ಹೊಡೆದು, ಅಲ್ಲಿಂದ 20 ನಿಮಿಷ ಲೆಕ್ಕ ಹಾಕಿ.

ಮುಳ್ಳು ಇಳಿದರೆ ಟಾರ್ಚ್ ಹಿಡಿದು ವಾಟರ್ ಪಂಪಿನ ಕೆಳಗಿರುವ ಸಣ್ಣ ತೂತು, ಥರ್ಮೋಸ್ಟಾಟ್ ಕೂತಿರುವ ವಾಟರ್ ಬಾಡಿ, ಪ್ಲಾಸ್ಟಿಕ್ ಟೀ ಜಾಯಿಂಟು, ಹೋಸ್ ಕ್ಲಿಪ್ಪುಗಳನ್ನು ನೋಡಿ. ಹನಿಯನ್ನಷ್ಟೇ ಹುಡುಕಬೇಡಿ, ಒಣಗಿದ ಗುಲಾಬಿ, ಹಸಿರು ಅಥವಾ ಬಿಳಿ ಪೊರೆಯೂ ಸಾಕ್ಷಿಯೇ. ಬಿಸಿ ಬ್ಲಾಕಿನ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. "ಒಂದು ಹನಿಯೂ ಇಲ್ಲ" ಎಂಬ ಅರ್ಧ ಕೇಸುಗಳ ಗುಟ್ಟು ಇಷ್ಟೇ. ಹೊರಗೆ ಏನೂ ಕಾಣದಿದ್ದರೆ ಕಾರೊಳಗೆ ಡ್ಯಾಶ್‌ಬೋರ್ಡ್ ಕೆಳಗಿನ ಕಾರ್ಪೆಟ್ ಮುಟ್ಟಿ ನೋಡಿ. ಎಸಿಯ ನೀರು ಬರೀ ನೀರು, ಕೂಲಂಟ್ ಬೆರಳಿಗೆ ಅಂಟುತ್ತದೆ, ಸಿಹಿ ವಾಸನೆ ಬರುತ್ತದೆ (ನಾಲಿಗೆಗೆ ಹಚ್ಚಬೇಡಿ, ವಿಷ). ಹೀಟರ್‌ಗೆ ಹೋಗುವ ಎರಡೂ ಹೋಸುಗಳನ್ನು ಹೋಸ್ ಕ್ಲ್ಯಾಂಪಿನಿಂದ ಅದುಮಿದಾಗ ಮುಳ್ಳು ನಿಂತರೆ ಸೋರಿಕೆ ಹೀಟರ್ ಕೋರ್‌ನದೇ (ಡ್ಯಾಶ್‌ಬೋರ್ಡ್ ಒಳಗಿನ ಪುಟ್ಟ ರೇಡಿಯೇಟರ್).

ಅಲ್ಲೂ ಇಲ್ಲವೆಂದರೆ ಪೆಟ್ರೋಲ್ ಕಾರಿನ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ. ಮೂರು ಪ್ಲಗ್ ಕಂದಾಗಿದ್ದು ಒಂದು ಮಾತ್ರ ತೊಳೆದಿಟ್ಟಂತಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿದೆ ಎಂದು ಅನುಮಾನಿಸಿ. ಪ್ಲಗ್ ಹಾಕದೆ ರಾತ್ರಿಯಿಡೀ ಒತ್ತಡದಲ್ಲಿ ಬಿಡಿ. ಬೆಳಿಗ್ಗೆ ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆದು, ಇಗ್ನಿಷನ್ ಕಾಯಿಲ್ ಕನೆಕ್ಟರ್ ಕಳಚಿ, ಸ್ವಲ್ಪ ಕ್ರ್ಯಾಂಕ್ ಮಾಡಿದರೆ (ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿದರೆ) ನೀರು ಹೋಗಿದ್ದ ಸಿಲಿಂಡರಿನ ಪ್ಲಗ್ ತೂತಿನಿಂದ ತುಂತುರು ಹಾರುತ್ತದೆ. ಪ್ಲಗ್ ಹಾಕಿಯೇ ಕ್ರ್ಯಾಂಕ್ ಮಾಡುವುದು ಮಹಾ ತಪ್ಪು: ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಇನ್ನು ಮುಳ್ಳು ಅಲುಗಲೇ ಇಲ್ಲ ಅನ್ನಿ. ಕಾರು ಚೆನ್ನಾಗಿದೆ ಎಂದು ಪೆಟ್ಟಿಗೆ ಮುಚ್ಚಬೇಡಿ, ಪರೀಕ್ಷೆಯ ಹೊತ್ತಿನಲ್ಲಿ ಕ್ಯಾಪ್ ಕೈಯಲ್ಲಿತ್ತಲ್ಲ! ಅದನ್ನೂ ಕಿಟ್‌ನ ಜೋಡಣೆಗೆ ಸಿಕ್ಕಿಸಿ ಪಂಪು ಹೊಡೆಯಿರಿ. ಬರೆದಿರುವ ಒತ್ತಡದ ಹತ್ತಿರ ಬಿಡಬೇಕು, ಅದಕ್ಕಿಂತ ತುಸು ಕೆಳಗೆ ಹಿಡಿದಿರಬೇಕು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಅರ್ಧಕ್ಕರ್ಧ ಬೆರೆಸಿದ ಕೂಲಂಟ್ 1 ಬಾರ್ ಒತ್ತಡದಲ್ಲಿ 125 ಡಿಗ್ರಿ ದಾಟಿಯೂ ತಡೆಯುತ್ತದೆ. ಕ್ಯಾಪ್‌ನ ಸ್ಪ್ರಿಂಗ್ ಸೋತರೆ ಆ ರಕ್ಷಣೆ ಹೋಯಿತು, ಟ್ರಾಫಿಕ್‌ನಲ್ಲಿ ಕೂಲಂಟ್ ಆವಿಯಾಗಿ ಹೊರಟಿತು.

ಉರಿಯುವಾಗಿನ ಒತ್ತಡಕ್ಕೆ ಮಾತ್ರ ಬಾಯಿ ಬಿಡುವ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್‌ಗೂ ನಡುವಿನ ಸೀಲು) ಈ ಪರೀಕ್ಷೆಗೆ ಸಿಗುವುದಿಲ್ಲ, ಅದಕ್ಕೆ ಬೇರೆ ದಾರಿ. ತಣ್ಣಗಿರುವಾಗಲೇ ಟೆಸ್ಟರ್ ಕೂರಿಸಿ, ಪಂಪು ಹೊಡೆಯದೆ ಎಂಜಿನ್ ಸ್ಟಾರ್ಟ್ ಮಾಡಿ. ಬಿಸಿಯಾಗುವ ಮೊದಲೇ, ಒಂದೆರಡು ನಿಮಿಷದಲ್ಲಿ ಮುಳ್ಳು ಸರ್ರನೆ ಏರಿದರೆ ಒಳಗೆ ನುಗ್ಗುತ್ತಿರುವುದು ದಹನದ ಗ್ಯಾಸ್. ಒತ್ತಡ ಬಿಡುವ ಗುಂಡಿಯ ಮೇಲೆ ಬೆರಳಿರಲಿ, ಫ್ಯಾನಿನಿಂದ ಕೈ ದೂರವಿರಲಿ. ಖಚಿತಪಡಿಸಲು ಬ್ಲಾಕ್ ಟೆಸ್ಟರ್ ಬೇರೆ ಕೊಳ್ಳಬೇಕು: ಅದರ ನೀಲಿ ದ್ರವ ಪೆಟ್ರೋಲ್ ಎಂಜಿನ್ನಿನ ಗ್ಯಾಸಿಗೆ ಹಳದಿಯಾಗುತ್ತದೆ. ಡೀಸೆಲ್ ಕಾರಾದರೆ ಹೆಡ್ ಇಳಿಸುವ ಮಾತಿಗೆ ಮೊದಲು ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳುವ ಹೊಗೆಯನ್ನು ಕೂಲಂಟಿನಿಂದ ತಣಿಸುವ ಭಾಗ) ಬಿಚ್ಚಿ ಅದೊಂದನ್ನೇ ಒತ್ತಡಕ್ಕೆ ಹಾಕಿ ನೋಡಿ. ಅದು ಒಳಗೊಳಗೇ ಸೋರಿ ಕೂಲಂಟನ್ನು ಸೈಲೆನ್ಸರ್ ದಾರಿಯಲ್ಲಿ ಕಳಿಸುತ್ತದೆ.

ವ್ಯಾಕ್ಯೂಮ್ ಸಾಧನಕ್ಕೆ ಏರ್ ಕಂಪ್ರೆಸರ್ ಬೇಕು, ಮನೆಯಲ್ಲಿ ಅದು ದಂಡ. ಕಂಪ್ರೆಸರ್ ಇದ್ದವರಿಗೆ ಒಳ್ಳೆಯ ಸಾಧನ, ಗಾಳಿಗುಳ್ಳೆ ಉಳಿಸದೆ ತುಂಬುತ್ತದೆ. ಮಂಗಳೂರಿನಲ್ಲಿ ತೋರಿಸಿದಷ್ಟು ವ್ಯಾಕ್ಯೂಮ್ ಬೆಂಗಳೂರಿನಲ್ಲಿ ತೋರಿಸದಿದ್ದರೆ ಗೇಜನ್ನು ಬೈಯಬೇಡಿ, ಇಲ್ಲಿ ವಾತಾವರಣದ ಒತ್ತಡವೇ ಕಡಿಮೆ.

ಸೋರಿಕೆ ಹುಡುಕಲು ಕೂಲಂಟಿಗೆ ಬೆರೆಸುವ, ಯುವಿ ಬೆಳಕಿಗೆ ಹೊಳೆಯುವ ಬಣ್ಣ (ಯುವಿ ಡೈ) ಕೊಳ್ಳುವ ಮೊದಲು ಇರುವ ಕೂಲಂಟಿಗೇ ಯುವಿ ಟಾರ್ಚ್ ಬಿಟ್ಟು ನೋಡಿ. ಹಸಿರು ಕೂಲಂಟುಗಳಲ್ಲಿ ಹಲವು ತಾವಾಗಿಯೇ ಹೊಳೆಯುತ್ತವೆ. ಸ್ಟಾಪ್ ಲೀಕ್ ಪುಡಿ ಮಾತ್ರ ಹಾಕಲೇಬೇಡಿ. ತೂತು ಮುಚ್ಚುತ್ತದೋ ಇಲ್ಲವೋ, ಹೀಟರ್ ಕೋರ್‌ನ ಸಣ್ಣ ನಾಳಗಳನ್ನು ಕಟ್ಟಿಸಬಹುದು, ಆಮೇಲೆ ಮಾಡುವ ಪ್ರೆಶರ್ ಟೆಸ್ಟಿಗೂ ಬೆಲೆ ಇರುವುದಿಲ್ಲ. ಕಿಟ್ ಆರ್ಡರ್ ಮಾಡುವಾಗಲೇ ಎರಡು ಹೋಸ್ ಕ್ಲ್ಯಾಂಪು, ನಿಮ್ಮ ಅಡಾಪ್ಟರ್ ಅಳತೆಯ ನಾಲ್ಕು ವಾಷರ್ ಸೇರಿಸಿಕೊಳ್ಳಿ, ಇವೆರಡೂ ಪೆಟ್ಟಿಗೆಯಲ್ಲಿಲ್ಲ.