ಪಳೆಯುಳಿಕೆ ಮೂಳೆಗೆ ಯಾವುದು ಹಿತ: ಬಿ-72, ಬ್ಯೂಟ್‌ವಾರ್, ಬಿಳಿ ಅಂಟು, ಸೂಪರ್ ಗ್ಲೂ

ಮುಟ್ಟಿದರೆ ಪುಡಿ ಉದುರುವ ಮೂಳೆಯನ್ನು ಗಟ್ಟಿ ಮಾಡುವ ದ್ರಾವಣಕ್ಕೆ ಎರಡು ಗುಣ ಬೇಕು. ಒಳಗಿನ ರಂಧ್ರಗಳವರೆಗೆ ಇಳಿಯಬೇಕು. ಬೇಡವೆಂದಾಗ ಕರಗಿ ಹೊರಬರಬೇಕು. ನಾವು ಬಳಸಿ ನೋಡಿದ ನಾಲ್ಕರಲ್ಲಿ ಒಣ ಮೂಳೆಗೆ ಪ್ಯಾರಲಾಯ್ಡ್ ಬಿ-72 ಮೊದಲನೆಯದು.

ಇದು ಹರಳುಗಳಂತೆ ಸಿಗುವ ಅಕ್ರಿಲಿಕ್ ರಾಳ. 50 ಗ್ರಾಂ ಹರಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಗಾಜಿನ ಭರಣಿಯಲ್ಲಿ 1 ಲೀಟರ್ ಅಸಿಟೋನ್ ಎಂಬ ದ್ರಾವಕದ ನಡುವೆ ತೂಗುಬಿಟ್ಟು ಮುಚ್ಚಿಡಿ; ಬೆಳಗಾಗುವಷ್ಟರಲ್ಲಿ ಸುಮಾರು 5% ದ್ರಾವಣ ಸಿದ್ಧ. ನೇರವಾಗಿ ಸುರಿದರೆ ತಳದಲ್ಲಿ ಮುದ್ದೆಗಟ್ಟಿ ಕೂರುತ್ತದೆ. ಅಸಿಟೋನ್ ಆವಿ ಕಿಡಿಗೆ ಕಾಯುತ್ತಿರುತ್ತದೆ. ಆದ್ದರಿಂದ ಗಾಳಿಯಾಡುವ ಜಾಗವೇ ಆಗಬೇಕು, ಒಲೆ, ದೀಪ, ಸ್ವಿಚ್ಚು ಹತ್ತಿರ ಇರಕೂಡದು.

ಮೂಳೆಯನ್ನು ಮೆಲ್ಲಗೆ ಮುಳುಗಿಸಿದೊಡನೆ ಬಿರುಕುಗಳಿಂದ ಗುಳ್ಳೆಗಳ ಸಾಲು ಏಳುತ್ತದೆ. ಅದು ಒಳಗಿದ್ದ ಗಾಳಿ. ಸಾಲು ಪೂರ್ತಿ ನಿಲ್ಲುವವರೆಗೆ ತೆಗೆಯಬೇಡಿ. ಮುಳುಗಿಸಿದರೆ ಕಳಚಿಬೀಳುವಂಥದ್ದಕ್ಕೆ ಕುಂಚದ ತುದಿಯಿಂದ ಹನಿಹನಿಯಾಗಿ ಕುಡಿಸಿ. ಮೊದಲು 2–3%, ಆಮೇಲೆ 5%. ಮೊದಲೇ ದಪ್ಪ ದ್ರಾವಣ ಹಾಕಿದರೆ ಹೊರಪದರ ಮಾತ್ರ ಗಟ್ಟಿಯಾಗುತ್ತದೆ, ಒಳಗೆ ಪುಡಿ ಪುಡಿಯಾಗಿಯೇ ಉಳಿಯುತ್ತದೆ.

ಹೆಚ್ಚಿನವರು ಎಡವುವುದು ಒಣಗಿಸುವಾಗ. ಬೇಗ ಒಣಗಿದರೆ ಆವಿಯ ಜೊತೆ ರಾಳವೂ ಮೇಲಕ್ಕೆ ಬಂದು ಮೂಳೆ ಪ್ಲಾಸ್ಟಿಕ್‌ನಂತೆ ಹೊಳೆಯುತ್ತದೆ. ಮೇಲ್ಮೈಯನ್ನು ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿ, ಪಾಲಿಥಿನ್ ಹಾಳೆ ಹೊದಿಸಿ ನಿಧಾನವಾಗಿ ಆರಲು ಬಿಡಿ. ತೇವದ ಹವೆಯಲ್ಲಿ ಬಿಳಿ ಮಬ್ಬು ಕವಿದರೆ ಗಾಬರಿ ಬೇಡ: ಒಣ ದಿನ ನೋಡಿ ಮತ್ತೆ ಅಸಿಟೋನ್ ಸವರಿದರೆ ಹೋಗುತ್ತದೆ. ಇದರ ನಿಜವಾದ ಕೊರತೆ ಬೇರೆ. ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುವುದರಿಂದ, ಕಾದ ಕೋಣೆಯಲ್ಲಿ ಭಾರ ಹೊತ್ತ ಜೋಡಣೆ ಜಾರುತ್ತದೆ.

ಅಂಥಲ್ಲಿ ಬ್ಯೂಟ್‌ವಾರ್ ಬಿ-76 ಎಂಬ ಇನ್ನೊಂದು ರಾಳ ಮೇಲು. ಮೆತ್ತಗಾಗಲು ಇನ್ನೂ ಹೆಚ್ಚು ಬಿಸಿ ಬೇಕು, ಪದರವೂ ಸೀಳದೆ ಬಾಗುತ್ತದೆ. ಇದೂ ಅಸಿಟೋನ್‌ನಲ್ಲೇ ಕರಗುವುದರಿಂದ ವಿಧಾನ ಅದೇ. ಆದರೆ ದಶಕಗಳ ಬೆಳಕಿಗೆ ಬಿ-72ರಷ್ಟು ಬದಲಾಗದೆ ಉಳಿಯುವ ಭರವಸೆ ಇದಕ್ಕಿಲ್ಲ. ಭಾರದ ಪ್ರಶ್ನೆ ಬರದಿದ್ದರೆ ನಮ್ಮ ಆಯ್ಕೆ ಬಿ-72.

ಒದ್ದೆ ಮೂಳೆಯಲ್ಲಿ ಎರಡೂ ಸೋಲುತ್ತವೆ. ನೀರು ತಗುಲಿದರೆ ರಾಳ ಹಾಲಿನಂತೆ ಒಡೆದು ಬಿಳಿ ಪದರವಾಗಿ ಕೂರುತ್ತದೆ. ನೆರಳಲ್ಲಿ ನಿಧಾನವಾಗಿ ಒಣಗಿಸುವಷ್ಟು ತಾಳ್ಮೆಯಿದ್ದರೆ ಅದೇ ಸರಿದಾರಿ. ಒಣಗುವಾಗಲೇ ಚೂರಾಗುವಂತಿದ್ದರೆ ಮಾತ್ರ ಮರಗೆಲಸದ ಬಿಳಿ ಅಂಟು: 1 ಪಾಲು ಅಂಟಿಗೆ 4 ಪಾಲು ನೀರು, ತೆಳುವಾಗಿ ಹಲವು ಸಲ. ದಪ್ಪ ಬಳಿದರೆ ಒಣಗುವ ಪದರ ಕುಗ್ಗಿ ಮೂಳೆಯ ಚರ್ಮವನ್ನೇ ಎಳೆದು ಕೀಳುತ್ತದೆ. ಹಳತಾದಂತೆ ಇದು ಕರಗುವುದೂ ಕಷ್ಟ. ಜೇಡಿ ಅಂಟಿದ ಒಣ ಮೂಳೆಗಂತೂ ಬೇಡವೇ ಬೇಡ. ನೀರು ಕುಡಿದ ಜೇಡಿ ಉಬ್ಬಿ ಬಿರುಕನ್ನು ಅಗಲಿಸುತ್ತದೆ.

ತೆಳು ಸೂಪರ್ ಗ್ಲೂ ಕೂದಲೆಳೆಯ ಬಿರುಕಿಗೆ ಕ್ಷಣದಲ್ಲಿ ಇಳಿಯುತ್ತದೆ. ಕಲ್ಲಾಗಿ ಗಟ್ಟಿಯಾದ ಹಲ್ಲಿನ ಎನಾಮಲ್ ಚೂರು ಕೂರಿಸಲು ಒಳ್ಳೆಯದು. ಇಡೀ ಮೂಳೆಗೆ ಕುಡಿಸಿದರೆ ಮಾತ್ರ ಕೆಟ್ಟಿತು: ಪೆಡಸಾಗುತ್ತದೆ, ಅಸಿಟೋನ್‌ಗೂ ಪೂರ್ತಿ ಬಿಡುವುದಿಲ್ಲ.

ಹಲ್ಲಿನಲ್ಲಿ ಎನಾಮಲ್ಲೂ ಒಳಗಿನ ಡೆಂಟಿನ್ನೂ ಒಂದೇ ಸಮ ಕುಗ್ಗುವುದಿಲ್ಲ. ತೇವ ಏರಿಳಿದಾಗಲೆಲ್ಲ ಅವುಗಳ ಸಂಧಿ ಬಿಡುತ್ತದೆ. ಆದ್ದರಿಂದ ಬಿ-72ನ್ನು ಬೇರಿನ ತುದಿಯಿಂದ ಹೀರಿಸಿ, ಎನಾಮಲ್ ಹೊರಮೈಯನ್ನು ಒರೆಸಿಬಿಡಿ. ಆಮೇಲೆ ಗಾಳಿಯ ತೇವಾಂಶ 45–55%ರಲ್ಲೇ ಏರಿಳಿಯದೆ ಇರುವ ಜಾಗದಲ್ಲಿ ಇಡಿ. ಕೊಂಬಿನಲ್ಲಿ ಸಾಮಾನ್ಯವಾಗಿ ಉಳಿಯುವುದು ಒಳಗಿನ ಮೂಳೆಯ ತಿರುಳೇ. ಬುಡದ ಸ್ಪಂಜಿನಂಥ ಭಾಗಕ್ಕೆ ಬಿ-72ನ್ನು ಸಿರಿಂಜ್‌ನಲ್ಲಿ ಬಿಟ್ಟರೆ ತಾನೇ ಹೀರಿಕೊಳ್ಳುತ್ತದೆ.

ಯಾವುದನ್ನು ಬಳಸಿದರೂ ಕಾಲನಿರ್ಣಯಕ್ಕೆಂದು ಒಂದು ಚೂರನ್ನು ಏನೂ ಸೋಕಿಸದೆ ತೆಗೆದಿಡಿ. ರಾಳದ ಹೆಸರು, ಶೇಕಡಾ ಪ್ರಮಾಣ, ದಿನಾಂಕ ಚೀಟಿಯಲ್ಲಿರಲಿ. ಬಿರುಕಿನಲ್ಲಿ ಹಳದಿ-ಬಿಳಿ ಪುಡಿ, ಗಂಧಕದ ವಾಸನೆ ಕಂಡರೆ ಅದು ಪೈರೈಟ್ ಕೊಳೆತ, ಅಂದರೆ ಮೂಳೆಯೊಳಗಿನ ಕಬ್ಬಿಣ-ಗಂಧಕದ ಖನಿಜ ತೇವಕ್ಕೆ ಕೆಡುತ್ತಿರುವುದು. ಅದನ್ನು ಈ ನಾಲ್ಕರಲ್ಲಿ ಯಾವುದೂ ನಿಲ್ಲಿಸದು. ಮೊದಲು ಆ ಮೂಳೆಯನ್ನು ಬೇರೆಯವುಗಳಿಂದ ದೂರವಿಟ್ಟು, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಗೆ ಸೇರಿಸಿ.