ಶಾಹೀನ್ ಎರಗುವುದನ್ನು ನೋಡಲು ನಿಕಾನ್ ಮೊನಾರ್ಕ್ ಎಂ5 8×42: ಕೊಡಗಿನ ಬೆಟ್ಟಗಳಿಗೆ ಒಗ್ಗುತ್ತದೆಯೇ?

ತೋಟದ ನೆರಳುಮರದಲ್ಲಿ ಕೂತ ಹಕ್ಕಿಗೆ ಯಾವ ಬೈನಾಕ್ಯುಲರ್ ಆದರೂ ನಡೆಯುತ್ತದೆ. ತಡಿಯಂಡಮೋಳಿನಂಥ ಬೆಟ್ಟದಂಚಿನಲ್ಲಿ ನಿಂತು, ಶಾಹೀನ್ ರೆಕ್ಕೆ ಮಡಚಿ ಎರಗುವುದನ್ನು ಕೊನೆತನಕ ಹಿಂಬಾಲಿಸುವುದು ಬೇರೆ ಕೆಲಸ. ಶಾಹೀನ್ ಎಂದರೆ ನಮ್ಮ ಪಶ್ಚಿಮಘಟ್ಟದ ಬಂಡೆಗಳಲ್ಲಿ ನೆಲೆಸಿರುವ ಪೆರೆಗ್ರಿನ್ ಫಾಲ್ಕನ್ ಎಂಬ ಬೇಟೆಹಕ್ಕಿ. ಎಂ5 ಅನ್ನು ಈ ಒಂದು ಕೆಲಸಕ್ಕಷ್ಟೇ ಇಲ್ಲಿ ತೂಗಿದ್ದೇವೆ.

ಅಂಗಡಿಗೆ ಹೋದವರು ಸಾಮಾನ್ಯವಾಗಿ 10×42 ಕೇಳುತ್ತಾರೆ (ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿ.ಮೀ.ಗಳಲ್ಲಿ). ಶಾಹೀನ್‌ಗಾಗಿ ಕೊಳ್ಳುವುದಾದರೆ ಬೇಡ. 8×42ರ ನೋಟದ ಅಗಲ 6.4 ಡಿಗ್ರಿ, ಅಂದರೆ 500 ಮೀಟರ್ ದೂರದಲ್ಲಿ ಸುಮಾರು 56 ಮೀಟರ್. 10×42ರಲ್ಲಿ ಅದು 5.6 ಡಿಗ್ರಿ, 49 ಮೀಟರ್. ಸ್ವೀಡನ್ನಿನ ಸಂಶೋಧಕ ಥಾಮಸ್ ಅಲೆರ್ಸ್ಟಾಮ್ 1987ರಲ್ಲಿ ಪ್ರಕಟಿಸಿದ ರೇಡಾರ್ ಅಳತೆಗಳಲ್ಲಿ ಕಾಡು ಪೆರೆಗ್ರಿನ್ ಎರಗುವ ಗರಿಷ್ಠ ವೇಗ ಸೆಕೆಂಡಿಗೆ 39 ಮೀಟರ್, ಗಂಟೆಗೆ 140 ಕಿ.ಮೀ. ಆ ವೇಗದಲ್ಲಿ ಅಡ್ಡಕ್ಕೆ ಹಾದುಹೋಗುವ ಹಕ್ಕಿ ಎಂಟರ ನೋಟದಲ್ಲಿ 1.4 ಸೆಕೆಂಡ್ ಇರುತ್ತದೆ, ಹತ್ತರಲ್ಲಿ ಇನ್ನೂ ಕಡಿಮೆ. ಎಲ್ಲರ ಬಾಯಲ್ಲಿರುವ 389 ಕಿ.ಮೀ. ಎಂಬ ದಾಖಲೆ 1999ರದು. ಅಮೆರಿಕದ ಕೆನ್ ಫ್ರಾಂಕ್ಲಿನ್ ತಾವು ಪಳಗಿಸಿದ ‘ಫ್ರೈಟ್‌ಫುಲ್’ ಎಂಬ ಹಕ್ಕಿಯನ್ನು ವಿಮಾನದಿಂದ ಬಿಟ್ಟು ಅಳೆದದ್ದು. ಬೆಟ್ಟದಲ್ಲಿ ಆ ವೇಗ ಕಾಣುತ್ತದೆಂದು ಕಾಯಬೇಡಿ.

ನೋಟದ ಅಗಲವನ್ನೇ ನೋಡಿದರೆ ನಿಕಾನಿನದೇ ಪ್ರೊಸ್ಟಾಫ್ ಪಿ3 8×42 ಮುಂದಿದೆ: 7.2 ಡಿಗ್ರಿ. ಬೆಲೆಯೂ ಕಡಿಮೆ. ಆದರೂ ನಮ್ಮ ಮತ ಎಂ5ಗೇ. ಕಾರಣ ಅಂಚಿನಲ್ಲಿ ಬಣ್ಣ ಸೋರುವುದನ್ನು ತಗ್ಗಿಸುವ ‘ಇ.ಡಿ.’ (ED) ಗಾಜು. ಮಂಜು ಕವಿದ ಬಿಳಿ ಆಕಾಶದ ಎದುರು ಕಪ್ಪು ತಲೆಯ ಹಕ್ಕಿಯ ಅಂಚಿಗೆ ನೇರಳೆ ಬಣ್ಣ ಅಂಟಿಕೊಂಡರೆ ಹೊಟ್ಟೆಯ ಕೆಂಗಂದು ಗೊತ್ತಾಗುವುದಿಲ್ಲ, ಮತ್ತು ಶಾಹೀನನ್ನು ಚಳಿಗಾಲಕ್ಕೆ ವಲಸೆ ಬರುವ ಪೆರೆಗ್ರಿನ್‌ನಿಂದ ಬೇರ್ಪಡಿಸುವುದು ಆ ಬಣ್ಣವೇ. 6.4 ಡಿಗ್ರಿ ಇಕ್ಕಟ್ಟು ಎಂಬುದು ಮಾತ್ರ ನಿಜ. ಈ ಮಾದರಿಯಲ್ಲಿ ನಮಗೆ ಕಾಣುವ ದೊಡ್ಡ ಕೊರತೆ ಅದೇ.

ಇಕ್ಕಟ್ಟನ್ನು ಅಭ್ಯಾಸದಿಂದ ತುಂಬಿಕೊಳ್ಳಬೇಕು. ಮೊದಲು ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿಗೆ ನಡುವಿನ ಚಕ್ರದಲ್ಲಿ ಫೋಕಸ್ ಮಾಡಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಕಡೆಯ ಗಾಜಿನ (ಐಪೀಸ್) ಡಯಾಪ್ಟರ್ ಉಂಗುರವನ್ನು ಬಲಗಣ್ಣಿಗೆ ಸ್ಪಷ್ಟವಾಗುವವರೆಗೆ ತಿರುಗಿಸಿ. ಎದುರಿನ ದೂರದ ಬಂಡೆಗೆ ಫೋಕಸ್ ಹೊಂದಿಸಿ ಅಲ್ಲೇ ಬಿಡಿ. ಕೆಲವು ನೂರು ಮೀಟರ್ ಆಚೆಗೆ ಎಂಟರಲ್ಲಿ ಚಕ್ರ ಮುಟ್ಟುವ ಅಗತ್ಯ ಬರುವುದೇ ಅಪರೂಪ. ಹಕ್ಕಿ ಮೇಲೆ ಸುತ್ತುತ್ತಿರುವಾಗಲೇ ಅದನ್ನು ನೋಟದೊಳಗೆ ಹಿಡಿದಿರಿ. ಎರಗಲು ಶುರುಮಾಡಿದ ಮೇಲೆ ಬೈನಾಕ್ಯುಲರ್ ಎತ್ತಿದರೆ ಸಿಗುವುದು ಖಾಲಿ ಆಕಾಶ.

ನೇರಗೆರೆಯಲ್ಲಿ ಬೀಳುತ್ತದೆಂದು ಊಹಿಸಿ ಬೈನಾಕ್ಯುಲರನ್ನು ಕೆಳಗಿಳಿಸುವವರ ಕೈಯಿಂದಲೂ ಹಕ್ಕಿ ತಪ್ಪುತ್ತದೆ. ಅಮೆರಿಕದ ಸಂಶೋಧಕ ವ್ಯಾನ್ಸ್ ಟಕರ್ 2000ದ ಸುಮಾರಿಗೆ ಇದಕ್ಕೆ ಕಾರಣ ತೋರಿಸಿದರು. ದೂರದ ಬೇಟೆ ಅತಿ ಸ್ಪಷ್ಟವಾಗಿ ಕಾಣುವುದು ಹಕ್ಕಿ ಅದನ್ನು ಸುಮಾರು 40 ಡಿಗ್ರಿ ಓರೆಯಲ್ಲಿ ನೋಡಿದಾಗ. ಅಷ್ಟು ತಲೆ ಹೊರಳಿಸಿದರೆ ಗಾಳಿಯ ತಡೆ ಹೆಚ್ಚಿ ವೇಗ ಇಳಿಯುತ್ತದೆ. ಹಾಗಾಗಿ ತಲೆ ನೆಟ್ಟಗಿಟ್ಟು ಬಾಗಿದ ಹಾದಿಯಲ್ಲಿ ಬರುತ್ತದೆ. ಹಕ್ಕಿಯನ್ನು ನೋಟದ ನಟ್ಟನಡುವೆ ಇಡಬೇಡಿ, ಅದು ಸಾಗುವ ಕಡೆಗೆ ಹೆಚ್ಚು ಜಾಗ ಬಿಟ್ಟು ಹಿಂಬಾಲಿಸಿ. ಇನ್ನೊಂದು ಮಾತು: ನಿಮ್ಮತ್ತಲೇ ಬರುವ ಹಕ್ಕಿ ನಿಧಾನವಾಗಿ ಕಾಣುತ್ತದೆ. ಬೈನಾಕ್ಯುಲರ್ ಮತ್ತು ಗಡಿಯಾರ ಹಿಡಿದು ವೇಗ ಬರೆದುಕೊಳ್ಳುವ ಲೆಕ್ಕ ಅಲ್ಲೇ ಹಾಳಾಗುವುದು.

ತೂಕ 630 ಗ್ರಾಂ, ಗಂಟೆಗಟ್ಟಲೆ ಕೊರಳಲ್ಲಿರಬಹುದು. ಕನ್ನಡಕದವರಿಗೆ 19.5 ಮಿ.ಮೀ. ಐ ರಿಲೀಫ್ (ಪೂರ್ತಿ ನೋಟ ಕಾಣಲು ಕಣ್ಣಿಗೂ ಗಾಜಿಗೂ ಇರಬಹುದಾದ ಅಂತರ) ಧಾರಾಳ, ಕಣ್ಣಿಗೆ ತಾಗುವ ಐಕಪ್ ಪೂರ್ತಿ ಒಳಗೆ ತಿರುಗಿಸಿಕೊಳ್ಳಿ.

ಒಳಗೆ ನೈಟ್ರೋಜನ್ ತುಂಬಿರುವುದರಿಂದ ಒಳಗಾಜು ಮಂಜಾಗದು, ಆದರೆ ಹೊರಗಾಜಿಗೆ ಆ ರಕ್ಷಣೆ ಇಲ್ಲ. ಕೊಡಗಿನ ಮಳೆಗಾಲದಲ್ಲಿ ಒದ್ದೆ ಚೀಲದೊಳಗೇ ಬಿಟ್ಟರೆ ಲೆನ್ಸಿನ ಲೇಪನದ ಮೇಲೆ ಬೂಷ್ಟು ಬರುತ್ತದೆ. ಒರೆಸಿ, ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ಬದಲಾದರೆ ಒಣಗಿಸಿಯೇ ಮತ್ತೆ ಹಾಕಿ.

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಆಕಾಶ ತಿಳಿ, ಹಕ್ಕಿಗೂ ಗೂಡಿನ ಕಾಲ. ಬಂಡೆಯಿಂದ ದೂರವೇ ನಿಲ್ಲಿ. ಹಕ್ಕಿ ನಿಮ್ಮತ್ತ ಕೂಗುತ್ತಾ ಸುತ್ತತೊಡಗಿದರೆ ತೀರಾ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ಗೂಡಿನ ಜಾಗವನ್ನು ಯಾರಿಗೂ ಹಂಚಬೇಡಿ.